ಮಾಳಮಡ್ಡಿಯ ಮನೆಗೆ ಕಚೇರಿ ಬಿಟ್ಟ ಕಂಪ್ಯೂಟರ್

ಧಾರವಾಡದ ನಮ್ಮ ಮನೆಯ ವಿಡಿಯೊಗಳನ್ನು ಟಿವಿಯಲ್ಲಿ ನೋಡಲು ಹಳೆಯ ಕಚೇರಿ ಕಂಪ್ಯೂಟರೊಂದನ್ನು ಕೊಂಡು ಅಣಿಮಾಡಿದೆ. ಖರ್ಚನ್ನು ಮೊದಲೇ ಹೇಳಿಬಿಡುತ್ತೇನೆ: ಒಟ್ಟು 12,700 ರೂಪಾಯಿ. ಅದರಲ್ಲಿ 8,500 ಕಂಪ್ಯೂಟರಿಗೆ, 900 ಡಿಸ್‌ಪ್ಲೇಪೋರ್ಟ್‌ನಿಂದ ಎಚ್‌ಡಿಎಂಐಗೆ ಬದಲಿಸುವ ಅಡಾಪ್ಟರಿಗೆ, 700 ಕೇಬಲ್ಲಿಗೆ, 400 ಗೋಡೆಯ ಸಾಕೆಟ್ಟುಗಳಿಗೆ, 1,150 ಐದು ಪೋರ್ಟಿನ ಗಿಗಾಬಿಟ್ ನೆಟ್‌ವರ್ಕ್ ಸ್ವಿಚ್ಚಿಗೆ, 750 ರಿಮೋಟಿಗೆ, ಉಳಿದ 300 ಪ್ರೊಸೆಸರಿನ ಬಿಸಿ ದಾಟಿಸುವ ಥರ್ಮಲ್ ಪೇಸ್ಟ್ ಮತ್ತು ಬಟನ್ ಸೆಲ್ಲಿಗೆ. ಟಿವಿ, ಹಾರ್ಡ್ ಡಿಸ್ಕ್, ಮಹಡಿಯ ಕೋಣೆಯ ಹಳೆಯ ಡೆಸ್ಕ್‌ಟಾಪ್ ಮನೆಯಲ್ಲೇ ಇದ್ದವು. ಈ ಪಟ್ಟಿಯಲ್ಲಿ ದೊಡ್ಡ ಮೊತ್ತ ಕಂಪ್ಯೂಟರಿನದು. ಆದರೆ ಕೆಲಸವನ್ನು ಗೆಲ್ಲಿಸಿದ್ದು ಕೇಬಲ್ಲು ಮತ್ತು ರಿಮೋಟು. ಪ್ರೊಸೆಸರ್ ಯಾವುದು ಎಂದು ವಾರಗಟ್ಟಲೆ ಚರ್ಚಿಸುವವರು ಆ ಹೊತ್ತಿನಲ್ಲಿ ಒಂದು ಕೇಬಲ್ ಎಳೆದಿದ್ದರೆ ಹೆಚ್ಚು ಲಾಭವಾಗುತ್ತಿತ್ತು ಎಂಬುದು ನನ್ನ ಅಭಿಪ್ರಾಯ.

ಬೇಕಾಗಿದ್ದದ್ದು ಇಷ್ಟು. ಅಕ್ಕನ ಮದುವೆಯ ಡಿವಿಡಿಗಳು, ನಾನು ಕೊಂಡಿಟ್ಟ ಬ್ಲೂ-ರೇ ಡಿಸ್ಕ್‌ಗಳು, ಕ್ಯಾಮೆರಾದಲ್ಲಿ ತೆಗೆದ ವಿಡಿಯೊಗಳು, ಎಲ್ಲವೂ ಮಹಡಿಯ ಡೆಸ್ಕ್‌ಟಾಪಿನಲ್ಲಿ ಕಡತಗಳಾಗಿ ಕುಳಿತಿದ್ದವು. ಅವನ್ನು ಪಡಸಾಲೆಯ ಟಿವಿಯಲ್ಲಿ, ಪೆನ್‌ಡ್ರೈವ್ ಹಿಡಿದು ಮೆಟ್ಟಿಲು ಹತ್ತಿಳಿಯದೆ, ಅಪ್ಪ ಅವ್ವ ತಾವೇ ಹಾಕಿಕೊಂಡು ನೋಡುವಂತಾಗಬೇಕು.

ಅಂಗಡಿಯಲ್ಲಿ ಸಿಗುವ ಸ್ಟ್ರೀಮಿಂಗ್ ಕಡ್ಡಿ ಸಾಲದೇ ಎಂದು ಕೇಳಬಹುದು. ವೈ-ಫೈ ಚೆನ್ನಾಗಿರುವ ಮನೆಗೆ ಸಾಕು. ನಮ್ಮದು ಹಳೆಯ ಹಂಚಿನ ಮನೆ, ಕಲ್ಲು ಮಣ್ಣಿನ ಎರಡಡಿ ದಪ್ಪದ ಗೋಡೆ. ರೂಟರ್ ಮಹಡಿಯಲ್ಲಿದೆ. 5 ಗಿಗಾಹರ್ಟ್ಸ್ ಅಲೆ ಮೆಟ್ಟಿಲ ಬಾಗಿಲಲ್ಲೇ ನಿಂತುಬಿಡುತ್ತದೆ. 2.4 ಗಿಗಾಹರ್ಟ್ಸ್ ಪಡಸಾಲೆಗೆ ತಲುಪುತ್ತದೆ, ಆದರೆ ಸೆಕೆಂಡಿಗೆ 20 ಮೆಗಾಬಿಟ್ ಆಸುಪಾಸಿನಲ್ಲಿ ಏದುಸಿರು ಬಿಡುತ್ತದೆ. ಬ್ಲೂ-ರೇ ಡಿಸ್ಕಿನ ಚಿತ್ರವೊಂದೇ ಸೆಕೆಂಡಿಗೆ 40 ಮೆಗಾಬಿಟ್‌ವರೆಗೆ ಹೋಗಬಲ್ಲದು.

ರಾಸ್ಪ್‌ಬೆರಿ ಪೈ 5 ಎಂಬ ಒಂದೇ ಬೋರ್ಡಿನ ಪುಟ್ಟ ಕಂಪ್ಯೂಟರನ್ನೂ ನೋಡಿದೆ. ಬೋರ್ಡಿನ ಬೆಲೆ ಕಡಿಮೆ ಎನಿಸುತ್ತದೆ. ಅದಕ್ಕೆ ಪವರ್ ಸಪ್ಲೈ, ಫ್ಯಾನು, ಡಬ್ಬಿ, ಮೆಮೊರಿ ಕಾರ್ಡು ಸೇರಿಸಿದರೆ ಹಳೆಯ ಕಚೇರಿ ಕಂಪ್ಯೂಟರಿನ ಹತ್ತಿರಕ್ಕೇ ಬರುತ್ತದೆ. ಅದೂ ಅಲ್ಲದೆ ಪೈ 5ರಲ್ಲಿ ಎಚ್‌ಇವಿಸಿ ಎಂಬ ವಿಡಿಯೊ ಅಡಕದ ಬಗೆಗೆ ಮಾತ್ರ ಹಾರ್ಡ್‌ವೇರ್ ಡಿಕೋಡರ್ (ಅಡಕ ಬಿಡಿಸುವ ಚಿಪ್ಪಿನ ಭಾಗ) ಇದೆ, ಅದಕ್ಕಿಂತ ಹಳೆಯ ಎಚ್.264ರದ್ದನ್ನು ಕೈಬಿಟ್ಟಿದ್ದಾರೆ. ಪ್ರೊಸೆಸರ್ ಅದನ್ನು ನಿಭಾಯಿಸುತ್ತದೆ ನಿಜ, ಆದರೆ ನನ್ನ ಕಡತಗಳಲ್ಲಿ ಮುಕ್ಕಾಲು ಪಾಲು ಎಚ್.264ರಲ್ಲೇ ಇವೆ.

ಹಳೆಯ ಕಚೇರಿ ಕಂಪ್ಯೂಟರುಗಳು ಈಗ ಇಷ್ಟು ಅಗ್ಗವಾಗಲು ಕಾರಣವಿದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಇಂಟೆಲ್‌ನ ಎಂಟನೇ ಪೀಳಿಗೆಯಿಂದ ಈಚಿನ ಪ್ರೊಸೆಸರುಗಳನ್ನೇ ಕೇಳುತ್ತದೆ. ಏಳನೆಯದರಲ್ಲಿ ಬೆರಳೆಣಿಕೆಯವಕ್ಕಷ್ಟೇ ವಿನಾಯಿತಿ. ಹೀಗಾಗಿ ಕಂಪನಿಗಳು ಆರು, ಏಳನೇ ಪೀಳಿಗೆಯ ಯಂತ್ರಗಳನ್ನು ಸಗಟಾಗಿ ಹೊರಹಾಕುತ್ತಿವೆ. ನಮಗೆ ವಿಂಡೋಸ್ ಬೇಕಿಲ್ಲ. ಅವರಿಗೆ ಮುಪ್ಪಾದದ್ದು ನಮಗೆ ಪ್ರಾಯದಲ್ಲೇ ಇದೆ.

ಇಲ್ಲಿ ಒಂದೇ ಒಂದು ಗೆರೆ ಎಳೆದುಕೊಂಡಿದ್ದೆ: ಆರನೆಯದು ಬೇಡ, ಏಳನೆಯದೇ ಬೇಕು. ಆರನೇ ಪೀಳಿಗೆ ಎಂಟು ಬಿಟ್ಟಿನ ಎಚ್‌ಇವಿಸಿಯನ್ನು ಹಾರ್ಡ್‌ವೇರಿನಲ್ಲೇ ಬಿಡಿಸುತ್ತದೆ, ಬಣ್ಣದ ಛಾಯೆಗಳು ಹೆಚ್ಚಿರುವ ಹತ್ತು ಬಿಟ್ಟಿನದು ಬಂದರೆ ತಡವರಿಸುತ್ತದೆ. 2017ರ ಏಳನೇ ಪೀಳಿಗೆಗೆ ಹತ್ತು ಬಿಟ್ಟಿನದೂ ಸಲೀಸು. ಬೆಲೆಯ ಅಂತರ ಸಾವಿರ ರೂಪಾಯಿ ದಾಟುವುದಿಲ್ಲ. ಎವಿ1 ಎಂಬ ಹೊಸ ಬಗೆಯ ಅಡಕ ಮಾತ್ರ ಇದಕ್ಕೆ ಆಗದು, ಅದರ ಡಿಕೋಡರ್ ಬಂದದ್ದು ಹನ್ನೊಂದನೇ ಪೀಳಿಗೆಯಲ್ಲಿ. ನನ್ನ ಬಳಿ ಎವಿ1 ಕಡತಗಳಿಲ್ಲ, ಆದ್ದರಿಂದ ಆ ಚಿಂತೆಯೂ ಇಲ್ಲ.

ಚಿಗರಿ ಬಸ್ ಹತ್ತಿ ಹುಬ್ಬಳ್ಳಿಗೆ ಹೋಗಿ ಹಳೆಯ ಕಂಪ್ಯೂಟರ್ ಮಾರುವ ಅಂಗಡಿಗಳಲ್ಲಿ ಹುಡುಕಿದೆ. ನನಗೆ ಬೇಕಾಗಿದ್ದದ್ದು ಒಂದು ಲೀಟರ್ ಗಾತ್ರದ್ದೆಂದು ಕರೆಯುವ ಪುಟ್ಟ ಯಂತ್ರ: ಅಂಗೈಯೆರಡು ಜೋಡಿಸಿದಷ್ಟು ಅಗಲ, ಮೂರೂವರೆ ಸೆಂಟಿಮೀಟರ್ ದಪ್ಪ. ಐ5-7500ಟಿ ಪ್ರೊಸೆಸರ್, ನಾಲ್ಕು ಕೋರ್, 35 ವ್ಯಾಟ್. ಹೆಸರಿನ ಕೊನೆಯ ‘ಟಿ’ಯನ್ನು ನೋಡಿಯೇ ಕೊಳ್ಳಬೇಕು, ಅದು ಕಡಿಮೆ ವಿದ್ಯುತ್ ನುಂಗುವ ತಳಿ, ಫ್ಯಾನಿನ ಸದ್ದೂ ಕಡಿಮೆ.

ಹಣ ಕೊಡುವ ಮೊದಲು ಅಂಗಡಿಯಲ್ಲೇ ಚಾಲೂ ಮಾಡಿಸಿ ಯಂತ್ರದ ಮೂಲ ಹೊಂದಾಣಿಕೆಗಳಿರುವ ಬಯೋಸ್ ಪರದೆಗೆ ಹೋಗಿ ನೋಡಬೇಕು. ಕಚೇರಿಯವರು ಹಾಕಿಟ್ಟ ಪಾಸ್‌ವರ್ಡ್ ಉಳಿದಿದ್ದರೆ ಮುಂದೆ ಯಾವ ಆಯ್ಕೆಯನ್ನೂ ಬದಲಿಸಲು ಬಿಡದು, ಒಳಗಿನ ಬಟನ್ ಸೆಲ್ಲು ಕಿತ್ತಿಟ್ಟರೂ ಕೆಲವು ಯಂತ್ರಗಳಲ್ಲಿ ಅದು ಅಳಿಯುವುದಿಲ್ಲ. ನನಗೆ ಮೊದಲು ತೋರಿಸಿದ ಯಂತ್ರ ಹಾಗೆಯೇ ಇತ್ತು. ಅಂಗಡಿಯವರು ತಕರಾರಿಲ್ಲದೆ ಬೇರೆಯದನ್ನು ಕೊಟ್ಟರು. ಅದರ ಜೊತೆಗೆ ಅದೇ ಯಂತ್ರದ ಮೂಲ ಅಡಾಪ್ಟರ್ ಕೇಳಿ ಪಡೆಯಬೇಕು, ಒಂದೊಂದು ಕಂಪನಿಯ ಪಿನ್ ಒಂದೊಂದು ತರಹ ಇರುತ್ತದೆ.

ಮೆಮೊರಿಯ ವಿಷಯದಲ್ಲಿ ಒಂದು ಸೂಕ್ಷ್ಮವಿದೆ. 8 ಜಿಬಿಯದೊಂದೇ ಪಟ್ಟಿ ಇತ್ತು. ಅದನ್ನು ಕೊಟ್ಟು 4 ಜಿಬಿಯ ಎರಡು ಪಟ್ಟಿ ತೆಗೆದುಕೊಂಡೆ. ಇಂಥ ಯಂತ್ರದಲ್ಲಿ ಗ್ರಾಫಿಕ್ಸ್‌ಗೆ ಪ್ರತ್ಯೇಕ ಮೆಮೊರಿ ಇಲ್ಲ, ಪ್ರೊಸೆಸರಿನದರಲ್ಲೇ ಪಾಲು. ಎರಡು ಪಟ್ಟಿಯಿದ್ದರೆ ಎರಡು ಹಾದಿಯಲ್ಲಿ ಮಾಹಿತಿ ಹರಿಯುತ್ತದೆ, 4ಕೆ ಚಿತ್ರಕ್ಕೆ ಅದು ಗೊತ್ತಾಗುವಷ್ಟು ನೆರವಾಗುತ್ತದೆ.

ಮನೆಗೆ ತಂದು ಬಿಚ್ಚಿದರೆ ತಾಮ್ರದ ಹೀಟ್‌ಸಿಂಕಿನ ಸಂದುಗಳಲ್ಲಿ ಧೂಳು ಕಂಬಳಿಯಂತೆ ಕಟ್ಟಿತ್ತು. ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ತಡೆಹಿಡಿದು ಗಾಳಿ ಊದಬೇಕು, ಇಲ್ಲವಾದರೆ ರಭಸಕ್ಕೆ ತಿರುಗಿ ಬೇರಿಂಗ್ ಕೆಡುತ್ತದೆ. ಒಣಗಿ ಸುಣ್ಣವಾಗಿದ್ದ ಥರ್ಮಲ್ ಪೇಸ್ಟನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಿ, ಹೊಸದನ್ನು ಬಟಾಣಿಗಿಂತ ಚಿಕ್ಕ ಬೊಟ್ಟಾಗಿ ಇಟ್ಟೆ. ಸಿಆರ್2032 ಸೆಲ್ಲನ್ನೂ ಬದಲಿಸಿದೆ. ಸೆಲ್ಲು ಸತ್ತಿದ್ದರೆ ವಿದ್ಯುತ್ ಹೋದಾಗಲೆಲ್ಲ ಗಡಿಯಾರ ಹಿಂದಕ್ಕೆ ಓಡುತ್ತದೆ, ತಾರೀಖು ತಪ್ಪಿದ ಯಂತ್ರವನ್ನು ಸುರಕ್ಷಿತ ಜಾಲತಾಣಗಳು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಮೂವತ್ತು ರೂಪಾಯಿಯ ಸೆಲ್ಲಿನಿಂದ ಇಂಟರ್‌ನೆಟ್ಟೇ ಕೆಟ್ಟಿದೆ ಎನ್ನಿಸುವ ಬಗೆ ಇದು.

ಬಯೋಸ್‌ನಲ್ಲಿ ಎರಡೇ ಬದಲಾವಣೆ. ಸೆಕ್ಯೂರ್ ಬೂಟ್ ಎಂಬ ಕಾವಲನ್ನು ಬಂದ್ ಮಾಡಿದೆ, ನಾನು ಹಾಕಲಿದ್ದ ಲಿಬ್ರೆಎಲೆಕ್‌ಗೆ ಅದು ಆಗಿಬರುವುದಿಲ್ಲ. ವಿದ್ಯುತ್ ಮರಳಿದಾಗ ತಾನೇ ಚಾಲೂ ಆಗುವ ಆಯ್ಕೆಯನ್ನು ಹಾಕಿದೆ.

ಲಿಬ್ರೆಎಲೆಕ್ ಎಂದರೆ ವಿಡಿಯೊ, ಹಾಡುಗಳನ್ನು ಟಿವಿಯಲ್ಲಿ ತೋರಿಸುವ ಕೋಡಿ ಎಂಬ ತಂತ್ರಾಂಶವನ್ನು ಓಡಿಸುವುದಕ್ಕಷ್ಟೇ ಕಟ್ಟಿದ ಪುಟ್ಟ ಲಿನಕ್ಸ್. ಕೋಡಿ ಹುಟ್ಟಿದ್ದು ಎಕ್ಸ್‌ಬಾಕ್ಸ್ ಆಟದ ಪೆಟ್ಟಿಗೆಗಾಗಿ, ಎಕ್ಸ್‌ಬಿಎಂಸಿ ಎಂಬ ಹೆಸರಿನಲ್ಲಿ. 2014ರಲ್ಲಿ ಹೆಸರು ಬದಲಾಯಿತು. ಲಿಬ್ರೆಎಲೆಕ್ 2016ರಲ್ಲಿ ಓಪನ್‌ಎಲೆಕ್‌ನಿಂದ ಕವಲೊಡೆಯಿತು. ಪೆನ್‌ಡ್ರೈವಿಗೆ ಬರೆದು, ಅದರಿಂದ ಬೂಟ್ ಮಾಡಿದರೆ ಡಿಸ್ಕನ್ನೆಲ್ಲ ಅಳಿಸಿ ಕೂರುತ್ತದೆ, ಹೆಚ್ಚಿನ ಪ್ರಶ್ನೆಗಳಿಲ್ಲ. ನಾನು ಇದನ್ನೇ ಆರಿಸಲು ಕಾರಣ ವೇಗವಲ್ಲ. ಇದರ ವ್ಯವಸ್ಥೆಯ ಭಾಗ ಓದಲು ಮಾತ್ರ ಬರುವ ಒಂದೇ ಅಡಕ ಕಡತವಾಗಿರುತ್ತದೆ. ಚಿತ್ರ ಓಡುವಾಗ ಕರೆಂಟು ಹೋದರೂ ವ್ಯವಸ್ಥೆ ಕೆಡುವ ಸಂಭವ ಬಹಳ ಕಡಿಮೆ. ಮಳೆಗಾಲದಲ್ಲಿ ಧಾರವಾಡದಲ್ಲಿ ಇರುವವರಿಗೆ ಇದರ ಬೆಲೆ ತಿಳಿದೀತು. ಇನ್ವರ್ಟರ್ ಇರುವವರು ಅದರ ಹಿಂದಿನ ಗುಂಡಿಯನ್ನು ಯುಪಿಎಸ್ ಕಡೆಗೆ ಒತ್ತಿಡಲಿ. ಬದಲಾವಣೆ ಬೇಗ ಆಗುತ್ತದೆ, ಕಂಪ್ಯೂಟರ್ ಮರುಚಾಲೂ ಆಗುವುದಿಲ್ಲ.

ಇನ್ನು ಕೇಬಲ್. ಇದಕ್ಕೇ ಅತಿ ಹೆಚ್ಚು ಹೊತ್ತು ಹಿಡಿಯಿತು, ಇದರಲ್ಲೇ ಅತಿ ಹೆಚ್ಚು ಖುಷಿಯೂ ಸಿಕ್ಕಿತು.

ಮಹಡಿಯಿಂದ ಪಡಸಾಲೆಗೆ ಹಿಂದೊಮ್ಮೆ ಕೇಬಲ್ ಟಿವಿಯವರು ಎಳೆದಿದ್ದ ಕಪ್ಪು ವೈರು ತೊಲೆಯ ಪಕ್ಕದ ತೂತಿನಿಂದ ಇಳಿದು ಗೋಡೆಯೊಳಗಿನ ಪೈಪಿನಲ್ಲಿ ಮಾಯವಾಗಿತ್ತು. ನಾನು ಅದನ್ನು ಕಿತ್ತು ಎಸೆಯುವವನಿದ್ದೆ. ನಮ್ಮ ಓಣಿಯ ವೈರಿಂಗ್ ಕಾಕಾ ಕೈ ತಡೆದರು. “ತಮ್ಮಾ, ಅದನ್ನು ಕೀಳಬೇಡ. ಅದರ ತುದಿಗೇ ಹೊಸ ವೈರು ಕಟ್ಟು, ಕೆಳಗಿನಿಂದ ನಾನು ಎಳೆಯುತ್ತೇನೆ” ಎಂದರು. ಎರಡರ ತುದಿಗಳನ್ನು ಒಂದರ ಮೇಲೊಂದು ಓರೆಯಾಗಿ ಜೋಡಿಸಿ, ಗಂಟು ಬರದಂತೆ ಇನ್ಸುಲೇಷನ್ ಟೇಪ್ ಸುತ್ತಿ, ಮೇಲೆ ಸ್ವಲ್ಪ ಸಾಬೂನು ಸವರಿ ಎಳೆದರೆ, ಒಂದೂ ಹೊಸ ತೂತಿಲ್ಲದೆ ಕ್ಯಾಟ್ 6 ಬಗೆಯ ನೆಟ್‌ವರ್ಕ್ ಕೇಬಲ್ ಪಡಸಾಲೆಗೆ ಬಂದು ನಿಂತಿತು. ಮಣ್ಣಿನ ಗೋಡೆ ಕೊರೆದರೆ ಬೊಗಸೆಗಟ್ಟಲೆ ಉದುರುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ದೀಪದ ವೈರಿರುವ ಪೈಪಿನಲ್ಲಿ ಮಾತ್ರ ನೆಟ್‌ವರ್ಕ್ ಕೇಬಲ್ಲನ್ನು ತೂರಿಸಲು ಅವರು ಎಷ್ಟಕ್ಕೂ ಒಪ್ಪುವುದಿಲ್ಲ. ಅದು ಸರಿಯೂ ಹೌದು. ಕೇಬಲ್ಲಿಗೆ ಸೋರುವ ವಿದ್ಯುತ್ ಗದ್ದಲಕ್ಕಿಂತ ಹೆಚ್ಚಾಗಿ ಜೀವದ ಪ್ರಶ್ನೆ ಅದು.

ಕೇಬಲ್ ಕೊಳ್ಳುವಾಗ ತುದಿಯನ್ನು ಚಾಕುವಿನಿಂದ ಕೆರೆದು ನೋಡಬೇಕು. ಒಳಗೆ ಬೆಳ್ಳಗಿದ್ದರೆ ಅದು ತಾಮ್ರದ ಲೇಪ ಹಚ್ಚಿದ ಅಲ್ಯೂಮಿನಿಯಂ. ಅರ್ಧ ಬೆಲೆಗೆ ಸಿಗುತ್ತದೆ, ಬಾಗಿಸಿದಲ್ಲಿ ಮುರಿಯುತ್ತದೆ. ಪೂರಾ ತಾಮ್ರದ್ದು ನನಗೆ ಮೀಟರಿಗೆ 28 ರೂಪಾಯಿ ಬಿತ್ತು, 25 ಮೀಟರ್ ತಂದೆ. ಗೋಡೆಯ ಎರಡು ತುದಿಗೂ ಸಾಕೆಟ್ ಹಾಕಿದೆ. ಗೋಡೆಯೊಳಗಿನ ಕೇಬಲ್ಲಿನ ಎಳೆ ಗಟ್ಟಿ ತಂತಿಯದು. ಅದಕ್ಕೆ ನೇರವಾಗಿ ಪ್ಲಗ್ ಒತ್ತಿದರೆ ಪದೇ ಪದೇ ಅಲುಗಾಡಿ ಸಡಿಲಾಗುತ್ತದೆ. ಸಾಕೆಟ್ಟಿನಿಂದ ಯಂತ್ರಕ್ಕೆ ಮೆತ್ತನೆಯ ಪ್ಯಾಚ್ ಕಾರ್ಡ್ ಸಾಕು. ಬಣ್ಣದ ಸಾಲು ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಎರಡೂ ತುದಿಯಲ್ಲಿ ಇದೇ ಸಾಲು.

ಎಲ್ಲ ಜೋಡಿಸಿ ಚಾಲೂ ಮಾಡಿದಾಗ ಚಿತ್ರ ಓಡಿತು. ಆದರೂ ಸ್ವಿಚ್ಚಿನ ದೀಪದ ಬಣ್ಣ ಬೇರೆಯಾಗಿತ್ತು. ಸಂಪರ್ಕ 1,000 ಮೆಗಾಬಿಟ್ ಬದಲು 100ಕ್ಕೆ ನಿಂತಿತ್ತು. ಇದರ ಮರ್ಮ ತಿಳಿದರೆ ಹುಡುಕುವುದು ಸುಲಭ. 100 ಮೆಗಾಬಿಟ್ ಸಂಪರ್ಕಕ್ಕೆ ಎಂಟರಲ್ಲಿ ನಾಲ್ಕೇ ಎಳೆ ಸಾಕು: 1, 2, 3, 6. ಗಿಗಾಬಿಟ್ಟಿಗೆ ಎಂಟೂ ಬೇಕು. ಹಾಗಾದರೆ ಕಿತ್ತಳೆ ಮತ್ತು ಹಸಿರು ಜೋಡಿ ನೆಟ್ಟಗಿವೆ, ದೋಷ ನೀಲಿ ಅಥವಾ ಕಂದಿನಲ್ಲಿದೆ. ಕೇಬಲ್ ಟೆಸ್ಟರ್ ಹಚ್ಚಿದರೆ ಏಳನೇ ಎಳೆಯ ದೀಪ ಹತ್ತಲಿಲ್ಲ. ಮೇಲಿನ ಸಾಕೆಟ್ಟಿನಲ್ಲಿ ಬಿಳಿ-ಕಂದು ಎಳೆ ಹಲ್ಲಿನೊಳಗೆ ಪೂರ್ತಿ ಕೂತಿರಲಿಲ್ಲ. ಎಳೆ ಕೂರಿಸುವ ಪಂಚ್ ಟೂಲಿನಿಂದ ಒಮ್ಮೆ ಗುದ್ದಿದ ಮೇಲೆ ದೀಪದ ಬಣ್ಣ ಬದಲಾಯಿತು. ವೇಗ ಅಳೆಯುವ ಐಪರ್ಫ್ ತಂತ್ರಾಂಶ ಓಡಿಸಿದರೆ 940 ಮೆಗಾಬಿಟ್, ಗಿಗಾಬಿಟ್ ತಂತಿಯಿಂದ ನಿಜಕ್ಕೂ ಹಿಂಡಬಹುದಾದದ್ದೇ ಅಷ್ಟು.

ಮಹಡಿಯ ಡೆಸ್ಕ್‌ಟಾಪಿನಲ್ಲಿ ಡೆಬಿಯನ್ ಲಿನಕ್ಸ್ ಇದೆ, ಕಡತಗಳನ್ನು ಎನ್‌ಎಫ್‌ಎಸ್ ಎಂಬ ಕಡತ ಹಂಚುವ ಪದ್ಧತಿಯ ಮೂಲಕ ಓದಲು ಮಾತ್ರ ಬರುವಂತೆ ಹಂಚಿದ್ದೇನೆ. ಫೋನಿನ ಕೋಡಿಯಿಂದಲೂ ನೋಡುವ ಆಸೆಯಿದ್ದರೆ ಹಂಚಿಕೆಯ ಸಾಲಿನಲ್ಲಿ ‘ಇನ್‌ಸೆಕ್ಯೂರ್’ ಎಂಬ ಆಯ್ಕೆ ಸೇರಿಸಬೇಕು. ಹೆಸರು ಹೆದರಿಸುತ್ತದೆ, ಅರ್ಥ ಇಷ್ಟೇ, 1024 ಮತ್ತು ಅದಕ್ಕಿಂತ ಮೇಲಿನ ಸಂಖ್ಯೆಯ ನೆಟ್‌ವರ್ಕ್ ಪೋರ್ಟಿನಿಂದ ಬಂದ ಕೋರಿಕೆಯನ್ನೂ ಒಪ್ಪು ಎಂದು. ಜೆಲ್ಲಿಫಿನ್‌ನಂಥ ಸರ್ವರ್ ತಂತ್ರಾಂಶ ಹಾಕಬಹುದಿತ್ತು, ಆದರೆ ಅದರ ಮುಖ್ಯ ಶಕ್ತಿ ಕಡತವನ್ನು ಓಡುತ್ತಲೇ ಬೇರೆ ರೂಪಕ್ಕೆ ಬದಲಿಸಿ ಕೊಡುವುದು. ಪಡಸಾಲೆಯ ಪೆಟ್ಟಿಗೆ ಎಲ್ಲವನ್ನೂ ತಾನೇ ಬಿಡಿಸುವಾಗ ಅದರ ಅಗತ್ಯ ನನಗೆ ಬೀಳಲಿಲ್ಲ.

ವಿದ್ಯುತ್ ಲೆಕ್ಕ ಅವ್ವನ ಇಲಾಖೆ. ಗೃಹಜ್ಯೋತಿಯಲ್ಲಿ ನಮಗೆ ನಿಗದಿಯಾದ ಯೂನಿಟ್ ದಾಟಬಾರದು ಎಂಬುದು ಅವಳ ಕಟ್ಟಳೆ. ಪುಟ್ಟ ಯಂತ್ರ ಸುಮ್ಮನಿದ್ದಾಗ 10 ವ್ಯಾಟ್ ಆಸುಪಾಸು, ದಿನವಿಡೀ ಇದ್ದರೂ ತಿಂಗಳಿಗೆ ಏಳೆಂಟು ಯೂನಿಟ್. ಹಳೆಯ ಡೆಸ್ಕ್‌ಟಾಪ್ ಹಾಗಲ್ಲ. ಅದು 55 ವ್ಯಾಟ್ ಎಳೆಯುತ್ತದೆ, ತಿಂಗಳಿಗೆ ಸುಮಾರು 40 ಯೂನಿಟ್ ಆಗುತ್ತದೆ. ಹೀಗಾಗಿ ಅದನ್ನು ಮಲಗಿಸಿಟ್ಟು, ಬೇಕಾದಾಗ ತಂತಿಯ ಮೂಲಕವೇ ಎಬ್ಬಿಸುವ ವ್ಯವಸ್ಥೆ ಮಾಡಿದೆ. ಅದರ ಬಯೋಸ್‌ನಲ್ಲಿ ವೇಕ್-ಆನ್-ಲ್ಯಾನ್ ಹಾಕಬೇಕು, ಕೋಡಿಯ ವಿದ್ಯುತ್ ಉಳಿತಾಯದ ಪುಟದಲ್ಲಿ ದೂರದ ಸರ್ವರನ್ನು ಎಬ್ಬಿಸುವ ಆಯ್ಕೆ ಇದೆ. ಚಿತ್ರ ಒತ್ತಿದ ಮೇಲೆ ಕೆಲವು ಸೆಕೆಂಡು ಕಾಯಬೇಕಾಗುತ್ತದೆ. ಅವ್ವ ಒಪ್ಪಿದಳು.

ಯಂತ್ರದ ಎಚ್‌ಡಿಎಂಐ 1.4 ಪೋರ್ಟು 4ಕೆ ಚಿತ್ರವನ್ನು ಸೆಕೆಂಡಿಗೆ 30 ಚೌಕಟ್ಟಿಗಿಂತ ಹೆಚ್ಚು ಕಳಿಸದು. ಅದಕ್ಕೇ ಡಿಸ್‌ಪ್ಲೇಪೋರ್ಟಿನಿಂದ ಆ 900 ರೂಪಾಯಿಯ ಅಡಾಪ್ಟರ್. ‘ಆ್ಯಕ್ಟಿವ್’ ಬಗೆಯದೇ ಬೇಕು, ಇನ್ನೂರು ರೂಪಾಯಿಯದು 4ಕೆಯಲ್ಲಿ 60 ಚೌಕಟ್ಟು ಕೊಡುವುದಿಲ್ಲ. ಬೆಳಕು ನೆರಳಿನ ವ್ಯಾಪ್ತಿ ಹೆಚ್ಚಿರುವ ಎಚ್‌ಡಿಆರ್ ಚಿತ್ರಗಳ ಬಣ್ಣವೇ ಮುಖ್ಯ ಎನ್ನುವವರು ಈ ದಾರಿ ಹಿಡಿಯಬೇಡಿ, ಹೊಸ ಪೆಟ್ಟಿಗೆ ಕೊಳ್ಳಿರಿ.

ಬಹಳ ಜನ ಮುಟ್ಟದೇ ಬಿಡುವ ಒಂದು ಆಯ್ಕೆ ಕೋಡಿಯಲ್ಲಿದೆ: ಚಿತ್ರಕ್ಕೆ ತಕ್ಕಂತೆ ಪರದೆಯ ವೇಗ ಬದಲಿಸುವುದು. ಸಿನಿಮಾ ಸೆಕೆಂಡಿಗೆ 24 ಚೌಕಟ್ಟು, ಟಿವಿ 60 ಸಲ ಬರೆಯುತ್ತದೆ. 60ನ್ನು 24ರಿಂದ ಭಾಗಿಸಿದರೆ ಎರಡೂವರೆ. ಆದ್ದರಿಂದ ಒಂದು ಚೌಕಟ್ಟು ಎರಡು ಸಲ, ಮುಂದಿನದು ಮೂರು ಸಲ ನಿಲ್ಲುತ್ತದೆ. ಕ್ಯಾಮೆರಾ ನಿಧಾನವಾಗಿ ಪಕ್ಕಕ್ಕೆ ಸರಿಯುವಾಗ ಚಿತ್ರ ಕುಂಟಿದಂತೆ ಕಾಣುವುದು ಇದರಿಂದಲೇ. ಆಯ್ಕೆ ಹಾಕಿದರೆ ಟಿವಿಯೇ 24ಕ್ಕೆ ಇಳಿಯುತ್ತದೆ. ನಮ್ಮ ದೇಶದ ಪಾಲ್ ಪದ್ಧತಿಯ ಡಿವಿಡಿಗೆ 50ಕ್ಕೆ ಬರುತ್ತದೆ.

ಮದುವೆಯ ಡಿವಿಡಿ ಎಂದೆನಲ್ಲ, ಅದೇ ನನ್ನ ಪರೀಕ್ಷೆಯ ಕಡತ. 720 ಗುಣಿಸು 576 ಗಾತ್ರ, ಪ್ರತಿ ಚೌಕಟ್ಟನ್ನು ಬೆಸ ಸಾಲು, ಸಮ ಸಾಲು ಎಂದು ಎರಡಾಗಿ ಸೀಳಿ ಹಿಡಿದ ಚಿತ್ರ. ಅಗ್ಗದ ಪೆಟ್ಟಿಗೆಗಳಲ್ಲಿ ಅಕ್ಷತೆ ಎರಚುವ ಕೈಗಳ ಅಂಚೆಲ್ಲ ಬಾಚಣಿಗೆ ಹಲ್ಲಾಗಿ ಒಡೆಯುತ್ತಿತ್ತು. ಇಂಟೆಲ್ ಗ್ರಾಫಿಕ್ಸ್‌ನ ‘ಮೋಷನ್ ಅಡಾಪ್ಟಿವ್’ ಡಿಇಂಟರ್‌ಲೇಸಿಂಗನ್ನು (ಸೀಳಿದ ಸಾಲುಗಳನ್ನು ಕೂಡಿಸುವ ಬಗೆ) ಆರಿಸಿಕೊಂಡ ಮೇಲೆ ಆ ಹಲ್ಲುಗಳು ಹೋದವು, ಚಲನೆಯೂ ನುಣುಪಾಯಿತು. ಅಕ್ಕ ಫೋನಿನಲ್ಲಿ ಕೇಳಿದ್ದು ಒಂದೇ: “ನನ್ನ ಸೀರೆಯ ಬಣ್ಣ ಸರಿಯಾಗಿ ಬರುತ್ತದೆಯೇ?” ಬರುತ್ತದೆ.

ಅಪ್ಪನಿಗೆ ಕಿವಿ ಸ್ವಲ್ಪ ಮಂದ, ಉಪಶೀರ್ಷಿಕೆ ಬೇಕು. ಕನ್ನಡದ್ದನ್ನು ಹಾಕಿದರೆ ಸಾಲುಸಾಲು ಚೌಕಗಳು ಕಂಡವು, ಏಕೆಂದರೆ ಕೋಡಿಯ ಮೂಲ ಫಾಂಟಿನಲ್ಲಿ ಕನ್ನಡವಿಲ್ಲ. ನೋಟೊ ಸಾನ್ಸ್ ಕನ್ನಡವನ್ನು ಕೋಡಿಯ ಫಾಂಟುಗಳ ಫೋಲ್ಡರಿಗೆ ನಕಲಿಸಿ, ಉಪಶೀರ್ಷಿಕೆಯ ಪುಟದಲ್ಲಿ ಅದನ್ನೇ ಆರಿಸಿದರೆ ಒತ್ತಕ್ಷರಗಳೂ ಸರಿಯಾಗಿ ಕೂತವು. ಹಿಂದೆ ‘ನುಡಿ’ ತಂತ್ರಾಂಶದಲ್ಲಿ ಬೆರಳಚ್ಚು ಮಾಡಿಟ್ಟ ಒಂದು ಕಡತ ಮಾತ್ರ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗಿ ಬಂತು. ಅದನ್ನು ಮೊದಲು ಯೂನಿಕೋಡಿಗೆ ಬದಲಿಸಬೇಕು. ಬದಲಿಸಿದ ಮೇಲೆ ಅರ್ಕಾವತ್ತುಗಳ ಮೇಲೊಮ್ಮೆ ಕಣ್ಣಾಡಿಸಬೇಕು.

ರಿಮೋಟು. ಟಿವಿಯ ರಿಮೋಟಿನಿಂದಲೇ ಪೆಟ್ಟಿಗೆಯನ್ನು ಆಳುವ ಸಿಇಸಿ ಸೌಲಭ್ಯ ಇಂಥ ಕಚೇರಿ ಯಂತ್ರಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಕೀಬೋರ್ಡ್ ಕಂಡರೆ ಅವ್ವ ದೂರ ಸರಿಯುತ್ತಾಳೆ. ಯುಎಸ್‌ಬಿ ಡಾಂಗಲ್ ಇರುವ 2.4 ಗಿಗಾಹರ್ಟ್ಸ್ ರಿಮೋಟ್ ತಂದೆ. ಮೊದಮೊದಲು ಮೂರು ಸಲ ಒತ್ತಿದರೆ ಒಂದು ಸಲ ಕೇಳುತ್ತಿತ್ತು. ಸೆಲ್ಲು ಹೊಸದು, ದೂರ ಎಂಟಡಿ. ತಂಟೆ ಇದ್ದದ್ದು ಡಾಂಗಲ್ ಚುಚ್ಚಿದ ನೀಲಿ ಪೋರ್ಟಿನಲ್ಲಿ. ಯುಎಸ್‌ಬಿ 3.0ರ ವಿದ್ಯುತ್ ಗದ್ದಲ ಇದೇ 2.4 ಗಿಗಾಹರ್ಟ್ಸ್ ಪಟ್ಟಿಗೆ ಸೋರುತ್ತದೆ ಎಂದು ಇಂಟೆಲ್ 2012ರಲ್ಲೇ ಬರೆದಿಟ್ಟಿದೆ. ಅರ್ಧ ಮೀಟರಿನ ಎಕ್ಸ್‌ಟೆನ್ಷನ್ ವೈರು ಹಾಕಿ ಡಾಂಗಲನ್ನು ಟಿವಿಯ ಮುಂಬದಿಗೆ ತಂದ ಮೇಲೆ ಒಂದು ಒತ್ತೂ ತಪ್ಪಿಲ್ಲ. ಕೀಮ್ಯಾಪ್ ಎಡಿಟರ್ ಎಂಬ ಆ್ಯಡ್-ಆನ್‌ನಿಂದ ಬೇಡದ ಗುಂಡಿಗಳನ್ನೆಲ್ಲ ಸುಮ್ಮನಾಗಿಸಿದೆ. ಈಗ ರಿಮೋಟಿನಲ್ಲಿ ಕೆಲಸ ಮಾಡುವುದು ಬಾಣಗಳು, ಸರಿ, ಹಿಂದೆ, ಸದ್ದು, ಅಷ್ಟೇ. ಮನೆಮಂದಿಯ ಮಟ್ಟಿಗೆ ಇಡೀ ಯಂತ್ರ ಎಂದರೆ ಇದೇ ರಿಮೋಟು. ಇದರಲ್ಲಿ ಜಿಪುಣತನ ಮಾಡಿದರೆ ಪೆಟ್ಟಿಗೆ ಮೂಲೆ ಸೇರುತ್ತದೆ.

ಚಂದಾ ಕಟ್ಟುವ ಒಟಿಟಿ ಸೇವೆಗಳಿಗೆ ಈ ಪೆಟ್ಟಿಗೆಯನ್ನು ನೆಚ್ಚಬೇಡಿ. ನಕಲು ತಡೆಯಲು ಅವು ಹಾಕುವ ವೈಡ್‌ವೈನ್ ಎಂಬ ಬೀಗದಲ್ಲಿ ಎಲ್1, ಎಲ್3 ಎಂಬ ದರ್ಜೆಗಳಿವೆ. ಲಿನಕ್ಸ್ ಕಂಪ್ಯೂಟರಿಗೆ ಸಿಗುವುದು ಎಲ್3, ಅದಕ್ಕೆ ಹೆಚ್ಚಿನ ಸೇವೆಗಳು ಕಡಿಮೆ ಸ್ಪಷ್ಟತೆಯ ಚಿತ್ರವನ್ನೇ ಕೊಡುತ್ತವೆ. ಅವನ್ನು ಟಿವಿಯ ಸ್ವಂತ ಆ್ಯಪ್‌ನಲ್ಲೇ ನೋಡುತ್ತೇವೆ.

ಉಳಿದ ಕೆಲಸ ಎರಡು. ಮಹಡಿಯ ಡಿಸ್ಕಿನಲ್ಲಿರುವುದೆಲ್ಲ ಒಂದೇ ಪ್ರತಿ, ಇನ್ನೊಂದು ಡಿಸ್ಕ್ ಕೊಂಡು ಅಕ್ಕನ ಮನೆಯಲ್ಲಿ ಇಡಬೇಕು. ಎರಡನೆಯದು ಅಪ್ಪನದು. ಧಾರವಾಡ ಆಕಾಶವಾಣಿಯಿಂದ ಅವರು ಧ್ವನಿಮುದ್ರಿಸಿಕೊಂಡ ಮಲ್ಲಿಕಾರ್ಜುನ ಮನ್ಸೂರ, ಬಸವರಾಜ ರಾಜಗುರು ಅವರ ಕ್ಯಾಸೆಟ್ಟುಗಳು ಒಂದು ಟ್ರಂಕಿನ ತುಂಬ ಇವೆ. “ಟಿವಿಯಲ್ಲಿ ಇವು ಯಾವಾಗ?” ಎಂದು ಕೇಳುತ್ತಿದ್ದಾರೆ. ಕ್ಯಾಸೆಟ್ ಡೆಕ್ ಬಿಚ್ಚಿ ನೋಡಿದ್ದೇನೆ. ಒಳಗಿನ ರಬ್ಬರ್ ಬೆಲ್ಟ್ ಕರಗಿ ಡಾಂಬರಿನಂತೆ ರಾಟೆಗೆ ಅಂಟಿದೆ. ಹೊಸ ಬೆಲ್ಟಿನ ಅಳತೆಗಾಗಿ ರಾಟೆಗಳ ಸುತ್ತ ದಾರ ಸುತ್ತಿ ಗುರುತು ಹಾಕಿಟ್ಟಿದ್ದೇನೆ. ಮುಂದಿನ ಸಲ ಹುಬ್ಬಳ್ಳಿಗೆ ಹೋದಾಗ ರೇಡಿಯೊ ರಿಪೇರಿಯ ಅಂಗಡಿಗಳಲ್ಲಿ ಅದನ್ನು ವಿಚಾರಿಸಬೇಕು.